ಮಾಲಿ ಸ್ಟೋನ್‌ನಲ್ಲಿ ಮೀನು, ಆಯ್ಸ್ಟರ್ ಎಲ್ಲಿ ತಿನ್ನೋದು? (ಅಪ್ಪ ಮಲ್ಪೆ ಬಂದರಿನವರು, ಸುಲಭಕ್ಕೆ ಒಪ್ಪೋರಲ್ಲ)

ಮಲ್ಪೆ_ಟು_ಮ್ಯೂನಿಕ್

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೇ ವಾರ ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ. ಅವರನ್ನು ಕ್ರೊಯೇಷಿಯಾಕ್ಕೆ ಕರ್ಕೊಂಡು ಹೋಗೋ ಪ್ಲಾನ್. ಸ್ಪ್ಲಿಟ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು, ಆಮೇಲೆ ಡುಬ್ರೋವ್ನಿಕ್‌ನಲ್ಲಿ ಮೂರು ರಾತ್ರಿ. ದಾರಿಯಲ್ಲಿ ಮಾಲಿ ಸ್ಟೋನ್ ಅಂತ ಒಂದು ಪುಟ್ಟ ಹಳ್ಳಿ ಸಿಗುತ್ತೆ, ಮೀನು ತಿನ್ನೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ಆಫೀಸಲ್ಲಿ ಒಬ್ಬರು ಹೇಳಿದ್ರು. ಒಂದು ಮಧ್ಯಾಹ್ನದ ಊಟ ಅಲ್ಲೇ ಮಾಡೋಣ ಅಂತಿದ್ದೀವಿ.

ಕಷ್ಟ ಏನಪ್ಪ ಅಂದ್ರೆ, ನಮ್ಮಪ್ಪ ಮಲ್ಪೆ ಬಂದರಿನಲ್ಲಿ ಮೂವತ್ತೈದು ವರ್ಷ ಮೀನು ಹರಾಜಿನ ಕೆಲಸ ಮಾಡಿದವರು. ಹೋಟೆಲಲ್ಲಿ ಮೀನು ತಟ್ಟೆಗೆ ಬರೋ ಮೊದಲೇ ಕಿವಿರು ತೋರಿಸು ಅಂತಾರೆ. ಕಳೆದ ಸಲ ಬಂದಾಗ ಮ್ಯೂನಿಕ್‌ನ ಮಾರ್ಕೆಟಲ್ಲಿ ಐಸ್ ಮೇಲಿದ್ದ ಮೀನು ನೋಡಿ "ಇದು ಸತ್ತು ವಾರ ಆಯ್ತು ಮಾರಾಯ, ತಿಥಿ ಮಾಡ್ಬಹುದು" ಅಂದಿದ್ರು, ಪುಣ್ಯಕ್ಕೆ ತುಳುವಿನಲ್ಲಿ. ಅವರಿಗೆ ಶುಗರ್ ಬೇರೆ ಇದೆ. ಅಮ್ಮ ಹಸಿ ಏನನ್ನೂ ಮುಟ್ಟಲ್ಲ. ನನ್ನ ಹೆಂಡತಿ ಸಾಗರದವಳು, ಪೂರ್ತಿ ಸಸ್ಯಾಹಾರಿ, ಕೇಕಲ್ಲಿ ಮೊಟ್ಟೆ ಇದ್ರೆ ಕಣ್ಣು ಮುಚ್ಚಿ ತಿಂತಾಳೆ. ನಾಲ್ಕು ಜನಕ್ಕೆ ಇನ್ನೂರು ಯೂರೋ ಒಳಗೆ ಮುಗೀಬೇಕು. ಎಲ್ಲಿ ಕೂರೋದು, ಏನು ಹೇಳೋದು?

ಝಾಗ್ರೆಬ್_ವಾಸಿ

ಎಂಟು ವರ್ಷದಿಂದ ಝಾಗ್ರೆಬ್‌ನಲ್ಲಿದ್ದೇನೆ, ಸ್ಟೋನ್ ಕಡೆಗೆ ವರ್ಷಕ್ಕೊಂದು ಸಲ ಹೋಗೇ ಹೋಗ್ತೀವಿ. ನಿಮ್ಮ ಆಫೀಸಿನವರು ಸರಿಯಾಗೇ ಹೇಳಿದ್ದಾರೆ, ಆದ್ರೆ ಒಂದು ತಿದ್ದುಪಡಿ: ಮಾಲಿ ಸ್ಟೋನ್ ಮೀನಿನ ಊರಲ್ಲ, ಚಿಪ್ಪಿನ ಊರು. ಅದನ್ನು ತಲೇಲಿಟ್ಕೊಂಡು ಹೋದ್ರೆ ಅಪ್ಪನ ಹತ್ರ ಬೈಸಿಕೊಳ್ಳೋದು ಅರ್ಧ ಕಮ್ಮಿ ಆಗುತ್ತೆ.

ಊರು ಅಂದ್ರೆ ಏನಿಲ್ಲ. ಗುಡ್ಡದ ಬುಡದಲ್ಲಿ ಒಂದಷ್ಟು ಕಲ್ಲಿನ ಮನೆ, ಮೇಲೆ ಕೋರುನಾ ಅನ್ನೋ ಕೋಟೆ, ಕೆಳಗೆ ಅಂಗಳದಷ್ಟು ದೊಡ್ಡ ಬಂದರು. ನೀರಿನಂಚಿನ ಊಟದ ಜಾಗಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಗುಡ್ಡದ ಆ ಕಡೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ದೊಡ್ಡ ಸ್ಟೋನ್ (ಮಾಲಿ ಅಂದ್ರೆ ಚಿಕ್ಕದು). ಎರಡೂ ಊರನ್ನು ಸೇರಿಸಿ ಒಂದು ಕೋಟೆ ಗೋಡೆ, ಈಗ ಉಳಿದಿರೋದು 5.5 ಕಿಲೋಮೀಟರ್. 1333ರಲ್ಲಿ ಈ ಜಾಗ ಡುಬ್ರೋವ್ನಿಕ್ ಗಣರಾಜ್ಯದ ಕೈಗೆ ಬಂದಾಗ ಕಟ್ಟೋಕೆ ಶುರು ಮಾಡಿದ್ದು. ಕಾಯಬೇಕಾಗಿದ್ದು ಬಂಗಾರವನ್ನಲ್ಲ, ಉಪ್ಪನ್ನು. ಸ್ಟೋನ್‌ನ ಉಪ್ಪಿನ ಗದ್ದೆ ಇವತ್ತಿಗೂ ನಡೀತಿದೆ, ಉಪ್ಪು ಹರಳಾಗೋ ಪಾತಿಗಳಲ್ಲಿ ಹೆಚ್ಚಿನವಕ್ಕೆ ಒಬ್ಬೊಬ್ಬ ಸಂತನ ಹೆಸರು.

ಊಟಕ್ಕೆ ಬಂದ್ರೆ, ಎಲ್ಲರೂ ಹೇಳೋ ಹೆಸರು ಎರಡು. ಒಂದು ಕಪೆತಾನೊವಾ ಕುಚಾ, ಅಂದ್ರೆ ಕ್ಯಾಪ್ಟನ್ ಮನೆ. ಇನ್ನೊಂದು ಬೋಟಾ ಶಾರೆ, ಹಳೇ ಉಪ್ಪಿನ ಗೋದಾಮಿನ ಕಲ್ಲುಕಮಾನಿನ ಕೆಳಗೆ ಇರೋದು. ಎರಡೂ ಹಳೇ ಹೆಸರು, ಎರಡರಲ್ಲೂ ತಿಂದಿದ್ದೀನಿ, ಎರಡರಲ್ಲೂ ಮತ್ತೆ ತಿಂತೀನಿ. ಬಿಸಿಲಿದ್ರೆ ಹೊರಗೆ ಕೂರೋಕೆ ಮೊದಲನೇದು, ಗಾಳಿ ಇದ್ರೆ ಎರಡನೇದು. ಇದಕ್ಕಿಂತ ದೊಡ್ಡ ವ್ಯತ್ಯಾಸ ನನಗಂತೂ ಕಂಡಿಲ್ಲ. ಹನ್ನೆರಡೂವರೆಗೆಲ್ಲ ಹೋಗಿ, ಒಂದೂವರೆ ಮೇಲೆ ಡುಬ್ರೋವ್ನಿಕ್ ಬಸ್ಸುಗಳು ಬಂದು ತುಂಬಿಬಿಡ್ತಾವೆ. ಹಿಂದಿನ ದಿನ ಫೋನ್ ಮಾಡಿಟ್ಟುಕೊಳ್ಳಿ, ಏಪ್ರಿಲಲ್ಲಿ ಕೆಲವು ಕಡೆ ಇನ್ನೂ ಪೂರ್ತಿ ಬಾಗಿಲು ತೆಗೆದಿರೋಲ್ಲ.

ಹೇಳಬೇಕಾದ್ದು: ಆಯ್ಸ್ಟರ್ (ಹಸಿಯಾಗೂ ತಿನ್ನೋ ಸಮುದ್ರದ ಚಿಪ್ಪು, ಅಲ್ಲಿನವರು ಕಾಮೆನಿತ್ಸಾ ಅಂತಾರೆ), ಮಸ್ಸೆಲ್ ಬುಜಾರಾ (ನೀಲಿಕಲ್ಲು ಚಿಪ್ಪನ್ನು ಬೆಳ್ಳುಳ್ಳಿ, ವೈನ್ ಹಾಕಿ ಬೇಯಿಸಿದ್ದು), ಕಪ್ಪು ರಿಸೊಟ್ಟೊ (ಮೆತ್ತಗೆ ಬೇಯಿಸಿದ ಅನ್ನ). ಮೀನು ಬೇಕೇ ಬೇಕಂದ್ರೆ ಅವತ್ತು ಏನು ಬಂದಿದೆ ಅಂತ ಕೇಳಿ ಆಮೇಲೆ ಮೆನು ತೆಗೀರಿ.

ಕಾನೂನು_ಕೋಳಿ

ಊಟದ ಮೊದಲು ವೀಸಾ ನೋಡಿ ಮಾರಾಯ್ರೆ. ಅಪ್ಪ ಅಮ್ಮನದು ಸಿಂಗಲ್ ಎಂಟ್ರಿ ಶೆಂಗೆನ್ (ಯುರೋಪಿನ ಹಲವು ದೇಶಕ್ಕೆ ಒಂದೇ ವೀಸಾ, ಒಂದೇ ಸಲ ಒಳಗೆ ಬರಬಹುದು) ಆಗಿದ್ರೆ ಹಳೇ ಕರಾವಳಿ ರಸ್ತೆ ಹಿಡೀಬೇಡಿ. ಮಧ್ಯೆ ನೆಉಮ್ ಅಂತ ಬೋಸ್ನಿಯಾದ ಒಂದು ತುಂಡು ಸಮುದ್ರದವರೆಗೆ ಬಂದಿದೆ. ಅಲ್ಲಿ ಗಡಿ ದಾಟಿದ್ರೆ ಶೆಂಗೆನ್‌ನಿಂದ ಹೊರಗೆ ಹೋದ ಹಾಗೆ, ವಾಪಸ್ ಬರೋಕೆ ತಕರಾರು. 2022ರ ಜುಲೈ 26ಕ್ಕೆ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತಾಪತ್ರಯ ಇಲ್ಲ. ಕೊಮಾರ್ನಾದಿಂದ ಸೇತುವೆ ಹತ್ತಿದ್ರೆ ಸೀದಾ ಪರ್ಯಾಯದ್ವೀಪ, ಅಲ್ಲಿಂದ ಸ್ಟೋನ್. ಉದ್ದ 2,404 ಮೀಟರ್, ಟೋಲ್ ಇಲ್ಲ. ಜಿಪಿಎಸ್ ಕೆಲವು ಸಲ ಹಳೇ ದಾರಿ ತೋರಿಸುತ್ತೆ, ನಂಬಬೇಡಿ. ಬೋಸ್ನಿಯಾದ ಮೋಸ್ತಾರ್ ನೋಡ್ಕೊಂಡು ಬರೋಣ ಅಂತ ಯಾರಾದ್ರೂ ಆಸೆ ತೋರಿಸಿದ್ರೂ ಅದೇ ಕಥೆ.

ಮಲ್ಪೆ_ಟು_ಮ್ಯೂನಿಕ್

@ಕಾನೂನು_ಕೋಳಿ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಸಿಂಗಲ್ ಎಂಟ್ರಿನೇ. ನಾನು ನೆಉಮ್‌ನಲ್ಲಿ ಪೆಟ್ರೋಲ್ ಹಾಕಿಸೋಣ ಅಂತಿದ್ದೆ.

ಅಂಕೋಲೆ_ಅಳಿವೆ

ನಮ್ಮ ಕಡೆ ಅಳಿವೆ ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ, ಸಿಹಿನೀರು ಉಪ್ಪುನೀರು ಕಲಿಯೋ ಕಡೆ ಚಿಪ್ಪು ಚೆನ್ನಾಗಿ ಬೆಳೆಯುತ್ತೆ. ಮಾಲಿ ಸ್ಟೋನ್ ಕೊಲ್ಲಿನೂ ಹಾಗೇ. ಒಂದು ಕಡೆಯಿಂದ ನೆರೆಟ್ವಾ ನದಿ ನೀರು ಬರುತ್ತೆ, ಸಾಲದ್ದಕ್ಕೆ ಸುಣ್ಣಕಲ್ಲಿನ ಗುಡ್ಡದೊಳಗಿಂದ ಸಮುದ್ರದ ತಳದಲ್ಲೇ ಬುಗ್ಗೆ ಏಳುತ್ತೆ. 1983ರಿಂದ ಸರಕಾರ ಈ ಕೊಲ್ಲಿಗೆ ವಿಶೇಷ ರಕ್ಷಣೆ ಕೊಟ್ಟಿದೆ.

ನಾನು ಎರಡು ವರ್ಷದ ಹಿಂದೆ ಒಬ್ಬ ಸಾಕಣೆಗಾರನ ದೋಣಿಯಲ್ಲಿ ಹೋಗಿದ್ದೆ. ಹಳ್ಳಿಯ ಬಂದರಿಂದಲೇ ಕರ್ಕೊಂಡು ಹೋಗ್ತಾರೆ. ನಿಮ್ಮಪ್ಪನಿಗೆ ಊಟಕ್ಕಿಂತ ಇದು ಹಿಡಿಸುತ್ತೆ ಅಂತ ನನ್ನ ಅನಿಸಿಕೆ. ನೀರಿನ ಮೇಲೆ ಸಾಲು ಸಾಲು ತೇಲುಬುಂಡೆ, ಕೆಳಗೆ ಹಗ್ಗ. ಆತ ಒಂದು ಹಗ್ಗ ಎಳೆದು ದೋಣಿ ಅಂಚಿಗೆ ಹಾಕಿದ. ಪಾಚಿ, ಏಡಿಮರಿ, ಕೆಸರು ಎಲ್ಲ ಸೇರಿ ಒಂದು ಮುದ್ದೆ. ತೊಳೆದ ಮೇಲೆ ನೋಡಿದ್ರೆ ಚಿಪ್ಪುಗಳು ಹಗ್ಗಕ್ಕೆ ಜೋಡಿ ಜೋಡಿಯಾಗಿ ಅಂಟಿದ್ದಾವೆ. ಹೇಗೆ ಅಂಟಿಸಿದ್ರಿ ಅಂದ್ರೆ, ಸಿಮೆಂಟು! ನಾವು ಗೋಡೆಗೆ ಹಾಕೋ ಸಿಮೆಂಟೇ. ಮರಿಚಿಪ್ಪುಗಳನ್ನು ಒಂದೊಂದಾಗಿ ಕೈಯಲ್ಲಿ ಹಗ್ಗಕ್ಕೆ ಸಿಮೆಂಟು ಮೆತ್ತಿ ಕೂರಿಸ್ತಾರೆ, ಒಣಗಿದ ಮೇಲೆ ನೀರಿಗೆ ಇಳಿಬಿಡ್ತಾರೆ. ತಿನ್ನೋ ಗಾತ್ರಕ್ಕೆ ಬರೋಕೆ ಎರಡು ಮೂರು ವರ್ಷ.

ಆಮೇಲೆ ಮೊಂಡ ಚೂರಿ ತೆಗೆದು ಚಿಪ್ಪಿನ ಸಂದಿಯಲ್ಲಿಟ್ಟು ಮಣಿಕಟ್ಟು ಸ್ವಲ್ಪ ತಿರುಗಿಸಿದ. ಟಕ್ ಅಂತು, ಅಷ್ಟೇ. ನಾನು ಮಾಡಿದ್ರೆ ಹೆಬ್ಬೆರಳು ಹೋಗ್ತಿತ್ತು. ಮೇಲಿನ ಚಪ್ಪಟೆ ಮುಚ್ಚಳ ಸಮುದ್ರಕ್ಕೆ, ಕೆಳಗಿನ ಬಟ್ಟಲು ನನ್ನ ಕೈಗೆ. ಮೊದಲು ಉಪ್ಪು, ಆಮೇಲೆ ತಾಮ್ರದ ಚೊಂಬಿನ ನೀರು ಕುಡಿದ ಹಾಗೆ ಒಂದು ರುಚಿ, ಕೊನೆಗೆ ಸಣ್ಣ ಸಿಹಿ. ಇದು ಯುರೋಪಿನ ಮೂಲ ಚಪ್ಪಟೆ ಜಾತಿ. ಪ್ಯಾರಿಸ್, ಬ್ರಸೆಲ್ಸ್ ಕಡೆ ಹೆಚ್ಚಾಗಿ ಸಿಗೋದು ಜಪಾನ್ ಕಡೆಯಿಂದ ತಂದ ಬೇರೆ ಜಾತಿ.

ಆತನಿಗಿದ್ದ ದೊಡ್ಡ ಶತ್ರು ಯಾರು ಗೊತ್ತಾ? ಒರಾದಾ ಮೀನು. ಹಲ್ಲಲ್ಲಿ ಚಿಪ್ಪು ಒಡೆದು ತಿನ್ನುತ್ತಂತೆ. "ನನ್ನ ಫಸಲು ತಿಂದು ಕೊಬ್ಬಿದ ಮೀನನ್ನು ಹೋಟೆಲಿನವರು ಕಿಲೋ ಲೆಕ್ಕದಲ್ಲಿ ಮಾರ್ತಾರೆ" ಅಂತ ನಗ್ತಿದ್ದ. ನಮ್ಮ ಗದ್ದೆಗೆ ಹಂದಿ ಬಂದ ಹಾಗೆ.

ಡಾಕ್ಟ್ರು_ಆದ್ರೂ_ತಿಂಡಿಪೋತ

ಮಧ್ಯೆ ಬಾಯಿ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ಶುಗರ್ ಇರೋ ವಯಸ್ಸಾದವರಿಗೆ ಹಸಿ ಆಯ್ಸ್ಟರ್ ಕೊಡೋ ಮೊದಲು ಅವರ ಡಾಕ್ಟರನ್ನು ಕೇಳಿ. ಲಿವರ್ ತೊಂದರೆ ಇದ್ರಂತೂ ಬೇಡವೇ ಬೇಡ. ಆಯ್ಸ್ಟರ್ ನೀರನ್ನು ಸೋಸಿ ತಿನ್ನೋ ಪ್ರಾಣಿ, ನೀರಲ್ಲಿ ನೊರೊವೈರಸ್ ಇದ್ರೆ ಅದರೊಳಗೂ ಇರುತ್ತೆ. ಎಷ್ಟು ತಾಜಾ ಇದ್ರೂ ಅದು ಬದಲಾಗಲ್ಲ. ನಿಂಬೆರಸ ಹಿಂಡಿದ್ರೆ ಸಾಯುತ್ತೆ ಅನ್ನೋದು ಸುಳ್ಳು.

ಅದಕ್ಕೆ ಬೇಸರ ಬೇಡ. ಅಲ್ಲಿ ಆಯ್ಸ್ಟರ್‌ಗೆ ಬ್ರೆಡ್ ಪುಡಿ ಹಚ್ಚಿ ಕರೀತಾರೆ, ಸೂಪ್ ಮಾಡ್ತಾರೆ. ಕರಿದದ್ದು ಅಮ್ಮನಿಗೂ ಆಗುತ್ತೆ. ಇನ್ನೊಂದು, ಸಮಯ ಚೆನ್ನಾಗೇ ಇದೆ. ಮಾರ್ಚ್ 19ರ ಸಂತ ಜೋಸೆಫ್ ಹಬ್ಬದ ಹೊತ್ತಿಗೆ ಚಿಪ್ಪು ತುಂಬಿರುತ್ತೆ ಅಂತ ಅಲ್ಲಿನ ಲೆಕ್ಕ, ಏಪ್ರಿಲಲ್ಲೂ ಪರವಾಗಿಲ್ಲ. ಬೇಸಿಗೆಯಲ್ಲಿ ಮರಿ ಹಾಕೋ ಕಾಲ, ಆಗ ಮಾಂಸ ಹಾಲುಹಾಲಾಗಿ ಸಪ್ಪೆ. ಆಗಸ್ಟಲ್ಲಿ ಹೋಗಿ ಫೋಟೋ ಹಾಕೋರನ್ನು ನೋಡಿದ್ರೆ ಅಯ್ಯೋ ಅನಿಸುತ್ತೆ.

ಬಿಲ್ಲು_ಚೀಟಿ

ನನ್ನ ದುಃಖ ಕೇಳಿ. ಆಡ್ರಿಯಾಟಿಕ್ ಕರಾವಳಿಯ ಒಂದು ಊರು, ಹೆಸರು ಬೇಡ, ನೀರಿನಂಚಿಗೆ ಮೇಣದಬತ್ತಿ ಹಚ್ಚಿದ ಟೇಬಲ್. ಮಾಣಿ ದೊಡ್ಡ ತಟ್ಟೆಯಲ್ಲಿ ಐದಾರು ಇಡೀ ಮೀನು ತಂದು ತೋರಿಸಿದ. ನಾನು ಮದುವೆಮನೆಯಲ್ಲಿ ಸೀರೆ ಆರಿಸಿದ ಹಾಗೆ "ಅದು" ಅಂತ ಬೆರಳು ತೋರಿಸಿದೆ. ಬಿಲ್ ಬಂದಾಗ ಮೀನೊಂದೇ 112 ಯೂರೋ. ಒಂದು ಕಿಲೋ ನಾನೂರು ಗ್ರಾಂ, ಕಿಲೋಗೆ 80. ಮೆನುವಿನಲ್ಲಿ ಬರೆದಿದ್ದ 80 ಒಂದು ಪ್ಲೇಟಿಗೆ ಅಂದ್ಕೊಂಡು ಅದೇ ದುಬಾರಿ ಅಂತ ಹೆಂಡತಿ ಹತ್ರ ಗೊಣಗಿದ್ದೆ! ಅವರು ಮೋಸ ಮಾಡಲಿಲ್ಲ, ಮೆನುವಿನಲ್ಲಿ ಸಣ್ಣಕ್ಷರದಲ್ಲಿ "ಕೆಜಿ" ಇತ್ತು. ಆದ್ರೆ ತೂಗಿ ಹೇಳಲೂ ಇಲ್ಲ.

ಅವತ್ತಿಂದ ನನ್ನ ನಿಯಮ: ಮೀನು ತೋರಿಸಿದ ಕೂಡಲೇ ತೂಕ ಎಷ್ಟು, ಇದೊಂದಕ್ಕೆ ಒಟ್ಟು ಎಷ್ಟು ಅಂತ ಅಲ್ಲೇ ಕೇಳೋದು. ನಾಚಿಕೆ ಬೇಡ, ಅಲ್ಲಿನವರೂ ಕೇಳ್ತಾರೆ. ಎರಡನೇ ಪ್ರಶ್ನೆ, ಸಮುದ್ರದ್ದೋ ಸಾಕಿದ್ದೋ? ಬ್ರಾಂತ್ಸಿನ್, ಒರಾದಾ ಎರಡನ್ನೂ ಬಲೆಪಂಜರದಲ್ಲಿ ಸಾಕ್ತಾರೆ. ಸಾಕಿದ್ದು ಕೆಟ್ಟದ್ದೇನಲ್ಲ, ಬೆಲೆ ಮಾತ್ರ ಸಮುದ್ರದ್ದರಷ್ಟು ಇರಬಾರದು. "ದಿವ್ಲಿ" ಅಂದ್ರೆ ಕಾಡಿನದು, ಅಂದ್ರೆ ಸಮುದ್ರದಲ್ಲೇ ಬೆಳೆದದ್ದು, "ಉಜ್ಗೋಯ್" ಅಂದ್ರೆ ಸಾಕಿದ್ದು. ಈ ಎರಡು ಪದ ಬಾಯಿಪಾಠ ಮಾಡಿ.

ದ್ವೀಪದ_ಹುಚ್ಚ

ಎಲ್ಲರೂ ಮಾಲಿ ಸ್ಟೋನ್ ಮಾಲಿ ಸ್ಟೋನ್ ಅಂತ ಕುಣೀತಿದ್ದೀರಿ. ನಿಜವಾದ ಮೀನುಗಾರರ ಊರು ಬೇಕಂದ್ರೆ ವಿಸ್ ದ್ವೀಪದ ಕೊಮಿಝಾಕ್ಕೆ ಹೋಗಿ. 1989ರವರೆಗೆ ಯುಗೊಸ್ಲಾವಿಯಾದ ಸೇನೆ ಇತ್ತು ಅಂತ ಹೊರದೇಶದವರನ್ನು ಬಿಡ್ತಾನೇ ಇರಲಿಲ್ಲ, ಅದಕ್ಕೇ ಇನ್ನೂ ಕೆಟ್ಟಿಲ್ಲ. ಅಲ್ಲಿನ ಪೊಗಾಚಾ ತಿನ್ನಿ, ಎರಡು ರೊಟ್ಟಿ ಮಧ್ಯೆ ಉಪ್ಪು ಹಾಕಿದ ಕೊಲ್ಲತರು ಜಾತಿಯ ಮೀನು, ಈರುಳ್ಳಿ, ಟೊಮ್ಯಾಟೊ. ಅದೇ ದ್ವೀಪದ ಇನ್ನೊಂದು ಊರಿನವರು ಟೊಮ್ಯಾಟೊ ಹಾಕಲ್ಲ, ಅದಕ್ಕೇ ಎರಡೂ ಊರಿಗೆ ಜಗಳ.

ಝಾಗ್ರೆಬ್_ವಾಸಿ

@ದ್ವೀಪದ_ಹುಚ್ಚ ಅಣ್ಣಾ, ಅವರು ಕೇಳಿದ್ದು ದಾರಿಮೇಲಿನ ಮಧ್ಯಾಹ್ನದ ಊಟ. ವಿಸ್‌ಗೆ ಸ್ಪ್ಲಿಟ್‌ನಿಂದ ಹಡಗು ಹತ್ತಿ ಎರಡು ಗಂಟೆ ಮೇಲೆ ಕೂರಬೇಕು. ಉಡುಪಿಗೆ ಹೋಗೋರಿಗೆ ಲಕ್ಷದ್ವೀಪ ನೋಡ್ಕೊಂಡು ಹೋಗಿ ಅಂದ ಹಾಗಾಯ್ತು. (ಕೊಮಿಝಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.)

ಸೊಪ್ಪು_ಸಾರು

ಸಸ್ಯಾಹಾರಿ ಅಕ್ಕನಿಗೆ ಯಾರೂ ಉತ್ತರಿಸಿಲ್ಲ, ಅದಕ್ಕೆ ನಾನು. ಡಾಲ್ಮೇಷಿಯಾದಲ್ಲಿ (ಸ್ಪ್ಲಿಟ್, ಡುಬ್ರೋವ್ನಿಕ್ ಇರೋ ಕರಾವಳಿ) ನನ್ನ ಪ್ರಾಣ ಉಳಿಸಿದ್ದು ಬ್ಲಿತ್ವಾ. ದಪ್ಪ ಎಲೆಯ ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮೀನಿನ ಪಕ್ಕವಾದ್ಯ ಅಂತ ಕೊಡ್ತಾರೆ, ಎರಡು ಪ್ಲೇಟ್ ತರಿಸಿದ್ರೆ ಊಟವೇ ಆಯ್ತು. ಪಾಗ್ ದ್ವೀಪದ ಕುರಿಹಾಲಿನ ಚೀಸ್, ಸುಟ್ಟ ತರಕಾರಿ, ಬ್ರೆಡ್. ರಿಸೊಟ್ಟೊ ತರಕಾರಿದು ಅಂತ ಬರೆದಿದ್ರೂ ಯಾವ ನೀರಲ್ಲಿ ಬೇಯಿಸಿದ್ದು ಅಂತ ಕೇಳಬೇಕು. ನಾನು ಕೇಳದೆ ತಿಂದೆ, ಅರ್ಧ ಆದ ಮೇಲೆ ಮಾಣಿ ಹೆಮ್ಮೆಯಿಂದ "ನಮ್ಮ ಮೀನಿನ ರಸ ಮನೆಯಲ್ಲೇ ಮಾಡಿದ್ದು" ಅಂದ.

ಕೊನೆಗೆ ಸ್ಟೋನ್‌ಸ್ಕಾ ತೋರ್ತಾ ಬಿಡಬೇಡಿ. ಕೇಕೊಳಗೆ ಮ್ಯಾಕರೋನಿ! ಬೇಯಿಸಿದ ಕೊಳವೆ ಪಾಸ್ತಾ, ಅಕ್ರೋಟು, ಚಾಕೊಲೇಟು, ಸಕ್ಕರೆ, ಮೊಟ್ಟೆ ಎಲ್ಲ ಹಿಟ್ಟಿನ ಹೊದಿಕೆಯೊಳಗೆ ತುಂಬಿ ಬೇಯಿಸಿದ್ದು. ಕತ್ತರಿಸಿದ್ರೆ ತೂತು ತೂತು ಕಾಣುತ್ತೆ. ಮೊದಲ ತುತ್ತಿಗೆ ಶಾವಿಗೆ ಪಾಯಸ ಗಟ್ಟಿಯಾಗಿ ಸಿಕ್ಕ ಹಾಗೆ ಅನಿಸಿತು ನನಗೆ. ಮೊಟ್ಟೆಗೆ ಕಣ್ಣು ಮುಚ್ಚಬೇಕು ಅಷ್ಟೇ.

ಕೋಡಿ_ಕಡಲತಡಿ

ಮೀನಿನ ವಿಷ್ಯ ಯಾರೂ ಸರಿ ಹೇಳ್ಲಿಲ್ಲೆ. ನಾನು ಎರಡು ವರ್ಷ ಕ್ರೊಯೇಷಿಯಾದ ರಿಯೆಕಾ ಬಂದರಿನಲ್ಲಿ ಹಡಗು ರಿಪೇರಿ ಕೆಲಸದಲ್ಲಿ ಇದ್ದವ. ಮೀನು ಸಿಗೋದು ಬಿಡೋದು ಎರಡರ ಕೈಲಿ: ಗಾಳಿ, ಚಂದ್ರ.

ಯೂಗೊ ಅಂತ ದಕ್ಷಿಣದ ಗಾಳಿ ಇದೆ. ಬಿಸಿ, ತೇವ, ಎರಡು ಮೂರು ದಿನ ಒಂದೇ ಸಮ ಬೀಸಿ ಅಲೆ ಎಬ್ಬಿಸುತ್ತೆ. ಸಣ್ಣ ದೋಣಿ ಹೊರಗೆ ಹೋಗಲ್ಲ. ಜನರಿಗೂ ತಲೆನೋವು, ಸಿಡುಕು. ಡುಬ್ರೋವ್ನಿಕ್ ಗಣರಾಜ್ಯದವರು ಯೂಗೊ ಬೀಸುವಾಗ ದೊಡ್ಡ ತೀರ್ಮಾನ ಮಾಡ್ತಿರಲಿಲ್ಲ ಅಂತ ಒಂದು ಕಥೆ. ನಿಜವೋ ಸುಳ್ಳೋ, ಗಾಳಿ ನೋಡಿದವರಿಗೆ ನಂಬಬೇಕು ಅನ್ನಿಸುತ್ತೆ. ಯೂಗೊ ಮೂರು ದಿನ ಬೀಸಿದ ಮೇಲೂ ಮೆನುವಿನಲ್ಲಿ "ಇವತ್ತಿನ ತಾಜಾ ಮೀನು" ಎಂಟು ಥರ ಇದ್ರೆ ಎದ್ದು ಬನ್ನಿ.

ಇನ್ನು ಚಂದ್ರ. ಅಲ್ಲಿನ ಬೂತಾಯಿ, ಸರ್ದೆಲಾ ಅಂತಾರೆ (ನಮ್ಮ ಕುಂದಾಪ್ರದ ಬದಿ ಬೈಗೆ), ಅದನ್ನು ರಾತ್ರಿ ದೀಪ ಹಚ್ಚಿ ಬೆಳಕಿಗೆ ಸೇರಿಸಿ ಸುತ್ತುಬಲೆ ಹಾಕಿ ಹಿಡಿಯೋದು. ಹುಣ್ಣಿಮೆ ಎದುರಿಗೆ ದೀಪದ ಆಟ ನಡೆಯಲ್ಲ, ಆ ನಾಲ್ಕೈದು ದಿನ ಬೂತಾಯಿ ಮಾರ್ಕೆಟಲ್ಲಿ ಕಮ್ಮಿ. ನಮ್ಮಲ್ಲಿ 2017ರಲ್ಲಿ ಎಲ್‌ಇಡಿ ಬೆಳಕಿನ ಮೀನುಗಾರಿಕೆ ನಿಷೇಧ ಆಯ್ತಲ್ಲ, ಆ ಜಗಳ ನಿಮ್ಮಪ್ಪನಿಗೆ ಗೊತ್ತೇ ಇರುತ್ತೆ. ಅಲ್ಲಿ ಅದು ಅಜ್ಜನ ಕಾಲದ ಪದ್ಧತಿ. ಈ ವಿಷ್ಯ ಎತ್ತಿದ್ರೆ ಊಟ ಎರಡು ಗಂಟೆ ಎಳೆಯುತ್ತೆ, ನೋಡ್ಕೊಳ್ಳಿ.

ಬೆಲೆಗೂ ರುಚಿಗೂ ನನ್ನ ಓಟು ಸರ್ದೆಲಾಕ್ಕೇ. ಕೆಂಡದ ಮೇಲೆ ಸುಟ್ಟು, ಆಲಿವ್ ಎಣ್ಣೆ ಸವರಿ ಕೊಡ್ತಾರೆ. ದೊಡ್ಡ ಹೋಟೆಲಲ್ಲಿ ಇರಲ್ಲ, ಕೊನೊಬಾ ಅಂತ ಬೋರ್ಡ್ ಇರೋ ಮನೆಯವರ ಹೋಟೆಲಲ್ಲಿ ಕೇಳಿ. ಕೊನೊಬಾ ಅಂದ್ರೆ ಮೊದಲು ಮನೆ ಕೆಳಗಿನ ವೈನಿನ ಕೋಣೆ, ಈಗ ಊಟದ ಜಾಗ.

ಅಂಕೋಲೆ_ಅಳಿವೆ

ಕಾಮೆನಿತ್ಸಾ ಅನ್ನೋ ಹೆಸರು "ಕಾಮೆನ್"ನಿಂದ ಬಂದದ್ದು, ಅಂದ್ರೆ ಕಲ್ಲು. ನಮ್ಮಲ್ಲೂ ಮಸ್ಸೆಲ್‌ಗೆ ನೀಲಿಕಲ್ಲು, ಪಚ್ಚಿಲೆಕಲ್ಲು ಅಂತೀವಲ್ಲ! ಬಂಡೆಗೆ ಅಂಟಿದ್ದನ್ನು ಕಿತ್ತು ತಿಂದವರಿಗೆಲ್ಲ ಒಂದೇ ಹೆಸರು ಹೊಳೆದಿದೆ.

ಪಾತ್ರೆ_ಅಲ್ಲಾಡಿಸು

ಅಮ್ಮನಿಗೆ ಸಾರು ಬೇಕು ಅನ್ನಿಸಿದ್ರೆ ಬ್ರುದೆತ್ ಕೇಳಿ. ಎರಡು ಮೂರು ಜಾತಿ ಮೀನು, ಈರುಳ್ಳಿ, ಟೊಮ್ಯಾಟೊ, ವಿನೆಗರ್ ಅಥವಾ ವೈನ್. ಜೋಳದ ಹಿಟ್ಟಿನ ಪಲೆಂತಾ ಜೊತೆ ಕೊಡ್ತಾರೆ. ಹುಳಿ ಇರುತ್ತೆ, ಖಾರ ಇರಲ್ಲ. ನಾನೊಂದು ಅಡುಗೆಮನೆಯಲ್ಲಿ ನಿಂತು ನೋಡಿದೆ: ಮೀನು ಹಾಕಿದ ಮೇಲೆ ಆ ಅಜ್ಜಿ ಸೌಟು ಮುಟ್ಟಲೇ ಇಲ್ಲ, ಪಾತ್ರೆಯ ಎರಡು ಕಿವಿ ಹಿಡಿದು ಅಲ್ಲಾಡಿಸಿದಳು. ನಮ್ಮಜ್ಜಿ ಮಣ್ಣಿನ ಬಿಸಲೆಯಲ್ಲಿ ಬಂಗುಡೆ ಸಾರು ಮಾಡುವಾಗ ಸೌಟು ಹಾಕಿದ್ರೆ ಕೈಗೆ ಹೊಡೀತಿದ್ರು.

ಮಲ್ಪೆ_ಟು_ಮ್ಯೂನಿಕ್

ಹೋಗಿ ಬಂದ್ವಿ! ಮೂರು ದಿನ ಆಯ್ತು, ಅಪ್ಪ ಇನ್ನೂ ಅದೇ ಮಾತಾಡ್ತಿದ್ದಾರೆ, ಅದಕ್ಕೆ ಬರೀಲೇಬೇಕು.

ಸೇತುವೆ ಹಿಡಿದೇ ಹೋದ್ವಿ. ಹನ್ನೆರಡು ಮುಕ್ಕಾಲಿಗೆ ಮಾಲಿ ಸ್ಟೋನ್. ಕಾರಿಂದ ಇಳಿದ ಕೂಡಲೇ ಗಾಳಿ ಮುಖಕ್ಕೆ ಹೊಡೀತು, ಕೋಡಿಯವರು ಹೇಳಿದ ಯೂಗೋನೇ, ಅವತ್ತಿಗೆ ಎರಡನೇ ದಿನವಂತೆ. ಝಾಗ್ರೆಬ್ ಅಕ್ಕ ಹೇಳಿದ ಎರಡು ಹೆಸರಲ್ಲಿ ಒಂದಕ್ಕೆ ಮೊದಲೇ ಫೋನ್ ಮಾಡಿದ್ದೆ.

ಕೂತ ಕೂಡಲೇ ಅಪ್ಪ "ಮೀನು ತೋರಿಸಕ್ಕೆ ಹೇಳು" ಅಂದ್ರು. ಮಾಣಿ ಐವತ್ತರ ಮೇಲಿನವರು. ಕೈ ಆಡಿಸಿ "ಇವತ್ತು ಸಮುದ್ರದ ಮೀನು ಇಲ್ಲ, ಯೂಗೊ. ಸಾಕಿದ ಬ್ರಾಂತ್ಸಿನ್ ಇದೆ, ಬೇಕಂದ್ರೆ ಕೊಡ್ತೀನಿ, ಆದ್ರೆ ನೀವು ಚಿಪ್ಪು ತಿನ್ನಿ" ಅಂದ್ರು. ನಾನು ಅನುವಾದ ಮಾಡಿದೆ. ಅಪ್ಪ ಒಂದು ನಿಮಿಷ ಅವರ ಮುಖ ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿ, "ಇಲ್ಲ ಅಂತ ಹೇಳೋ ವ್ಯಾಪಾರಿ ಹತ್ರ ಚೌಕಾಸಿ ಮಾಡಬೇಡ. ಅವರು ಕೊಟ್ಟದ್ದು ತಿನ್ನೋಣ." ನಮ್ಮಪ್ಪ! ಎರಡು ರೂಪಾಯಿಗೆ ಅರ್ಧ ಗಂಟೆ ವಾದ ಮಾಡೋರು!

ಹಸಿ ಆಯ್ಸ್ಟರ್ ನನಗೊಬ್ಬನಿಗೇ ಆರು. ಅಪ್ಪನ ಡಾಕ್ಟರ್ ಬೇಡ ಅಂದಿದ್ರಿಂದ ಅವರಿಗೂ ಅಮ್ಮನಿಗೂ ಕರಿದದ್ದು. ಅಪ್ಪ ನನ್ನ ತಟ್ಟೆಯಿಂದ ಒಂದು ಖಾಲಿ ಚಿಪ್ಪು ತಗೊಂಡು ತಿರುಗಿಸಿ ನೋಡಿದ್ರು, ಬೆನ್ನಲ್ಲಿ ಸಿಮೆಂಟಿನ ಚೂರು ಇನ್ನೂ ಅಂಟಿತ್ತು. ಉಗುರಲ್ಲಿ ಕೆರೆದು "ಗಾರೆ ಕೆಲಸ" ಅಂದ್ರು. ಅದನ್ನು ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡ್ರು, ಮಲ್ಪೆಯಲ್ಲಿ ತೋರಿಸ್ಬೇಕಂತೆ.

ಅಮ್ಮ ಗೆದ್ದದ್ದು ಬುಜಾರಾದಲ್ಲಿ. ಮಸ್ಸೆಲ್ ಖಾಲಿಯಾದ ಮೇಲೆ ಅಡಿಯಲ್ಲಿ ಬೆಳ್ಳುಳ್ಳಿ, ವೈನ್, ಬ್ರೆಡ್ ಪುಡಿಯ ರಸ ಉಳೀತಲ್ಲ, ಅದಕ್ಕೆ ಬ್ರೆಡ್ ಅದ್ದಿ ಅದ್ದಿ ಬೋಗುಣಿ ತೊಳೆದಿಟ್ಟ ಹಾಗೆ ಮಾಡಿದ್ರು. ವೈನ್ ಇದೆ ಅಂತ ಯಾರೂ ಹೇಳಲಿಲ್ಲ, ನೀವೂ ಹೇಳಬೇಡಿ. ಮರುವಾಯಿ ಸುಕ್ಕಕ್ಕೆ ತೆಂಗಿನಕಾಯಿ ಹಾಕದೆ ಮಾಡಿದ್ರೆ ಹೀಗಾಗುತ್ತೆ ಅನ್ನೋದು ಅವರ ತೀರ್ಪು.

ಕಪ್ಪು ರಿಸೊಟ್ಟೊ ಬಂದಾಗ ಅಪ್ಪ ಮೊದಲು ಹಿಂದೆ ಸರಿದ್ರು, ಡಾಂಬರು ಹಾಕಿದ ಹಾಗಿದೆ ಅಂತ. ಕಪ್ಪೆ ಬೊಂಡಾಸಿನ (ಕಟ್ಲ್‌ಫಿಶ್) ಶಾಯಿ ಅಂದೆ. "ಅದನ್ನ ನಾವು ತೊಳೆದು ಬಿಸಾಕ್ತಿದ್ವಲ್ಲೋ" ಅಂದ್ರು. ಎರಡು ಚಮಚ ತಿಂದು ಸುಮ್ಮನಾದ್ರು. ಮೂರನೇ ಚಮಚದ ಹೊತ್ತಿಗೆ, "ಎಷ್ಟು ವರ್ಷ ಬಿಸಾಕಿದ್ವಿ." ಎಲ್ಲರ ಹಲ್ಲೂ ಕಪ್ಪು. ಹೆಂಡತಿ ಬ್ಲಿತ್ವಾ ತಿಂತಾ ನಮ್ಮ ಮೂರು ಜನರ ನಗೆಯ ಫೋಟೋ ತೆಗೆದಿದ್ದಾಳೆ, ಅದು ಎಲ್ಲೂ ಹಾಕೋ ಹಾಗಿಲ್ಲ. ತೋರ್ತಾ ಅವಳಿಗೆ ಅಷ್ಟಕ್ಕಷ್ಟೇ. ಶಾವಿಗೆ ಪಾಯಸ ಅಂದವರನ್ನು ಹುಡುಕ್ತಿದ್ದಾಳೆ.

ಗಾಳಿಗೆ ದೋಣಿ ಹೊರಡಲಿಲ್ಲ, ಅದೊಂದು ಕೊರತೆ. ಬದಲಿಗೆ ದೊಡ್ಡ ಸ್ಟೋನ್‌ಗೆ ಹೋಗಿ ಉಪ್ಪಿನ ಗದ್ದೆ ನೋಡಿದ್ವಿ. ಕೊಯ್ಲು ಬೇಸಿಗೆ ಕೊನೆಗಂತೆ, ಈಗ ಬರೀ ನೀರು. ಗೋಡೆ ಹತ್ತೋಕೆ ಅಮ್ಮನ ಮಂಡಿ ಒಪ್ಪಲಿಲ್ಲ.

ಸೊಪ್ಪು_ಸಾರು

ಅಯ್ಯೋ, ಅಕ್ಕನಿಗೆ ಸಾರಿ ಹೇಳಿ. ನನ್ನ ನಾಲಿಗೆಯೇ ಹಾಗೆ.

ಕೋಡಿ_ಕಡಲತಡಿ

ದೀಪದ ಮೀನುಗಾರಿಕೆ ವಿಷ್ಯ ಎತ್ತಿದ್ರಾ?

ಮಲ್ಪೆ_ಟು_ಮ್ಯೂನಿಕ್

@ಕೋಡಿ_ಕಡಲತಡಿ ಬಿಲ್ ಕೊಟ್ಟ ಮೇಲೆ ಎತ್ತಿದ್ರು. ಆ ಮಾಣಿಯ ತಮ್ಮ ಸರ್ದೆಲಾ ಬೋಟಿನಲ್ಲಿ ಇದ್ದವರಂತೆ. ನಾನು ಮುಕ್ಕಾಲು ಗಂಟೆ ಅನುವಾದ ಮಾಡಿದೆ. ಕೊನೆಗೆ ಇಬ್ಬರೂ ಸೇರಿ ಟ್ರಾಲರಿನವರನ್ನು ಬೈದು ರಾಜಿಯಾದ್ರು.

ಬಿಲ್ಲು_ಚೀಟಿ

ಮುಖ್ಯವಾದ್ದು ಬಿಟ್ಟಿದ್ದೀರಿ. ಒಟ್ಟು ಎಷ್ಟಾಯ್ತು?

ಮಲ್ಪೆ_ಟು_ಮ್ಯೂನಿಕ್

@ಬಿಲ್ಲು_ಚೀಟಿ ಟಿಪ್ಸ್ ಸೇರಿ 158 ಯೂರೋ. ಅಪ್ಪನಿಗೆ 60 ಅಂತ ಹೇಳಿದ್ದೀನಿ, ಅದಕ್ಕೇ "ಒಂದು ವಾರದ ಅಕ್ಕಿ" ಅಂತ ಗೊಣಗಿದ್ರು. ಈ ವೇದಿಕೆಯಲ್ಲಿ ಮಲ್ಪೆಯವರು ಇನ್ಯಾರಾದ್ರೂ ಇದ್ರೆ ದಯವಿಟ್ಟು ಬಾಯಿ ಬಿಡಬೇಡಿ.